ರಿಸೀವರ್ ಮನೆಗೆ ಬಂತು, ಇನ್ನು ಅದರ ಪರೀಕ್ಷೆ ಹೇಗೆ?

ಅಂಗಡಿಯ ಡೆಮೊ ಕೋಣೆಯಲ್ಲಿ ಯಾವ ಎವಿ ರಿಸೀವರ್ (ಟಿವಿ, ಸೆಟ್‌ಟಾಪ್ ಬಾಕ್ಸ್‌ಗಳ ಸದ್ದನ್ನು ಪಡೆದು ಹೋಮ್ ಥಿಯೇಟರ್‌ನ ಸ್ಪೀಕರ್‌ಗಳಿಗೆ ಹಂಚುವ ಯಂತ್ರ) ಆದರೂ ಚೆನ್ನಾಗಿಯೇ ಕೇಳಿಸುತ್ತದೆ. ಗೋಡೆಗೆ ಬಟ್ಟೆಯ ಪ್ಯಾನೆಲ್ಲು, ನೆಲಕ್ಕೆ ಕಾರ್ಪೆಟ್ಟು, ಏರಿಸಿಟ್ಟ ವಾಲ್ಯೂಮು, ಮೇಲೆ ಒಂದು ಹೆಲಿಕಾಪ್ಟರ್ ದೃಶ್ಯ. ನಮ್ಮ ಮನೆಯ ಹಾಲ್‌ನಲ್ಲಿರುವುದು ವಿಟ್ರಿಫೈಡ್ ಟೈಲ್ಸು, ದೊಡ್ಡ ಗಾಜಿನ ಕಿಟಕಿ, ತಲೆಯ ಮೇಲೆ ಫ್ಯಾನು, ಆಚೆ ಅಡುಗೆಮನೆಯಲ್ಲಿ ಕುಕ್ಕರ್ರು. ನೆಂಟರಲ್ಲಿ ಯಾರು ಹೋಮ್ ಥಿಯೇಟರ್ ತಂದರೂ "ಒಂದ್ಸಲ ಬಂದು ನೋಡಿ ಹೋಗು ಮಾರಾಯ" ಅಂತ ನನಗೇ ಫೋನು ಬರುತ್ತದೆ. ಹಾಗಾಗಿ ನಾನು ನೋಡುವ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ಅಳತೆಗೋಲು ಒಂದೇ: ರಾತ್ರಿ ಹತ್ತರ ಮೇಲೆ, ಪಕ್ಕದ ಕೋಣೆಯಲ್ಲಿ ಅಮ್ಮ ಮಲಗಿರುವಾಗ, ಸಣ್ಣ ವಾಲ್ಯೂಮ್‌ನಲ್ಲಿ ಮಾತು ಬಿಡಿಬಿಡಿಯಾಗಿ ಕೇಳಬೇಕು. ಗುಡುಗು, ಸ್ಫೋಟ ಎಲ್ಲ ಆಮೇಲೆ.

ಮೊದಲು ರಿಸೀವರ್‌ನದ್ದಲ್ಲದ ತಪ್ಪುಗಳನ್ನು ಬೇರೆ ಮಾಡಿ. ಹಾಲ್‌ನ ನಡುವೆ ನಿಂತು ಒಮ್ಮೆ ಗಟ್ಟಿಯಾಗಿ ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ "ಝ್ರ್‌ರ್" ಅನ್ನುವ ಬಾಲ ಕೇಳಿದರೆ ಎದುರುಬದುರು ಬರಿಗೋಡೆಗಳ ನಡುವೆ ಸದ್ದು ಚೆಂಡಾಡುತ್ತಿದೆ ಅಂತ ಅರ್ಥ. ಅಂಥ ಕೋಣೆಯಲ್ಲಿ ಲಕ್ಷ ರೂಪಾಯಿಯ ಯಂತ್ರವೂ ಕೀರಲಾಗಿಯೇ ಕೇಳುತ್ತದೆ. ಸೋಫಾದ ಮುಂದೆ ದಪ್ಪ ಜಮಖಾನ, ಕಿಟಕಿಗೆ ಭಾರದ ಪರದೆ, ಪಕ್ಕದ ಗೋಡೆಗೆ ಪುಸ್ತಕದ ಕಪಾಟು ಇದ್ದರೆ ಅರ್ಧ ಗೆದ್ದಂತೆ.

ಆಮೇಲೆ ವೈರು. ಪ್ರತಿ ಸ್ಪೀಕರ್‌ನ ಕೆಂಪು ಕೆಂಪಿಗೆ, ಕಪ್ಪು ಕಪ್ಪಿಗೆ ಹೋಗಿದೆಯಾ ಅಂತ ಟಾರ್ಚು ಹಿಡಿದು ನೋಡಿ. ತಾಮ್ರದ ಒಂದು ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ರಿಸೀವರ್ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗುತ್ತದೆ. ಜನ ಅದನ್ನೇ "ಪೀಸ್ ಸರಿಯಿಲ್ಲ" ಅಂತ ವಾಪಸ್ ಕಳಿಸಿಬಿಡುತ್ತಾರೆ. ಮುಂದಿನ ಎರಡು ಸ್ಪೀಕರ್‌ಗಳಲ್ಲಿ ಒಂದು ಮಾತ್ರ ಉಲ್ಟಾ ಇದ್ದರೆ ಸ್ಟೀರಿಯೊದಲ್ಲಿ ವಾರ್ತೆ ಓದುವವರ ದನಿ ನಡುವೆ ನಿಲ್ಲದೆ ಕೋಣೆಯ ತುಂಬ ಚದುರುತ್ತದೆ, ಬೇಸ್ ತೆಳುವಾಗುತ್ತದೆ. ಇದನ್ನು ಕಿವಿಯಲ್ಲೇ ಪತ್ತೆ ಮಾಡಬಹುದು.

ಈಗ ಕ್ಯಾಲಿಬ್ರೇಷನ್, ಅಂದರೆ ಕೋಣೆಗೆ ತಕ್ಕಂತೆ ಸದ್ದನ್ನು ಹೊಂದಿಸುವುದು. ನನ್ನ ಅನುಭವದಲ್ಲಿ ಮನೆಯಲ್ಲಿ "ಸೌಂಡ್ ಸರಿ ಇಲ್ಲ" ಅನ್ನುವ ದೂರುಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನ ಮಾಡೋಣ. ಡೆನಾನ್, ಮರಾಂಟ್ಜ್‌ಗಳಲ್ಲಿ ಆಡಿಸ್ಸಿ, ಯಮಾಹಾದಲ್ಲಿ ವೈಪಿಎಒ, ಇನ್ನು ಕೆಲವದರಲ್ಲಿ ಡಿರಾಕ್ ಲೈವ್ ಇರುತ್ತದೆ. ಹೆಸರು ಯಾವುದಾದರೂ ಕೆಲಸ ಒಂದೇ. ಸ್ಪೀಕರ್‌ಗಳಿಂದ ಪರೀಕ್ಷೆಯ ಸದ್ದು ಹೊರಡಿಸಿ, ಮೈಕ್‌ನಲ್ಲಿ ಅದನ್ನು ಕೇಳಿ, ದೂರ, ಮಟ್ಟ, ಏರಿಳಿತಗಳನ್ನು ಲೆಕ್ಕ ಹಾಕುವುದು. ಮೈಕನ್ನು ಸೋಫಾದ ದಿಂಬಿನ ಮೇಲೆ ಇಡಬೇಡಿ, ಕೈಯಲ್ಲೂ ಹಿಡಿಯಬೇಡಿ. ಕ್ಯಾಮೆರಾ ಟ್ರೈಪಾಡ್‌ಗೆ ಸಿಕ್ಕಿಸಿ, ನೀವು ಕೂತಾಗ ಕಿವಿ ಎಲ್ಲಿರುತ್ತದೋ ಅದೇ ಎತ್ತರಕ್ಕೆ ನಿಲ್ಲಿಸಿ. ಫ್ಯಾನ್ ಆಫ್, ಎಸಿ ಆಫ್, ಮಿಕ್ಸಿಗೆ ರಜೆ. ಶಿವಮೊಗ್ಗದ ಜುಲೈ ಮಳೆಯಲ್ಲಂತೂ ಈ ಕೆಲಸಕ್ಕೆ ಕೈ ಹಾಕಬೇಡಿ. ಹೊರಗಿನ ಶೀಟಿನ ಮೇಲೆ ಬೀಳುವ ಮಳೆಯನ್ನೂ ಮೈಕ್ ಕೇಳಿಸಿಕೊಳ್ಳುತ್ತದೆ.

ಅಳತೆ ಮುಗಿದ ಮೇಲೆ ಬಂದ ಅಂಕಿಗಳನ್ನು ಸುಮ್ಮನೆ ಒಪ್ಪಬೇಡಿ. ಸೆಟಪ್ ಮೆನು ತೆರೆದು ದೂರಗಳನ್ನು ನೋಡಿ, ಟೇಪು ಹಿಡಿದು ತಾಳೆ ಹಾಕಿ. ಎಡ, ಬಲ, ಸೆಂಟರ್ (ನಡುವಿನ, ಮಾತು ಬರುವ ಸ್ಪೀಕರ್) ಹತ್ತಿರಹತ್ತಿರ ನಿಜವಾದ ದೂರವೇ ಇರಬೇಕು. ಸಬ್‌ವೂಫರ್ (ಆಳದ ಸದ್ದಿಗೆಂದೇ ಇರುವ ಸ್ಪೀಕರ್) ಮಾತ್ರ ಎರಡು ಮೀಟರ್‌ನಲ್ಲಿದ್ದರೂ ಮೂರೂವರೆ ಅಂತ ತೋರಿಸಬಹುದು, ಅದನ್ನು ತಿದ್ದಬೇಡಿ. ಸಬ್‌ನ ಒಳಗಿನ ಸರ್ಕ್ಯೂಟು ಸದ್ದನ್ನು ಕೆಲವು ಮಿಲಿಸೆಕೆಂಡು ತಡೆದು ಬಿಡುತ್ತದೆ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಸಾಗುತ್ತದಾದ್ದರಿಂದ, ಆ ತಡವನ್ನು ರಿಸೀವರ್ ದೂರವಾಗಿ ಬರೆದುಕೊಂಡಿರುತ್ತದೆ. ಸಬ್‌ನ ಮಟ್ಟ ಮೈನಸ್ 12 ಡೆಸಿಬೆಲ್ (ಸದ್ದಿನ ಜೋರಿನ ಅಳತೆ) ಅಂತ ಬಂದಿದ್ದರೆ ಅದು ಹಲವು ಯಂತ್ರಗಳಲ್ಲಿ ಕೆಳಗಿನ ಮಿತಿ. ಸಬ್‌ನ ಹಿಂದಿನ ಗುಬುಟನ್ನು ಇಳಿಸಿ ಇನ್ನೊಮ್ಮೆ ಅಳೆಯಿರಿ.

ಇನ್ನೊಂದು ಚಾಳಿ ಇದೆ. ಮುಂದಿನ ಸ್ಪೀಕರ್ ಸ್ವಲ್ಪ ದೊಡ್ಡದಿದ್ದರೆ ಯಂತ್ರ ಅದನ್ನು "ಲಾರ್ಜ್" ಅಂತ ಗುರುತು ಹಾಕಿ ಕೆಳಗಿನ ಸದ್ದನ್ನೆಲ್ಲ ಅದಕ್ಕೇ ಹೊರಿಸುತ್ತದೆ. ಸಬ್‌ವೂಫರ್ ಇರುವ ಮನೆಯಲ್ಲಿ ನಾನು ಎಲ್ಲವನ್ನೂ "ಸ್ಮಾಲ್" ಮಾಡಿ ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಡುತ್ತೇನೆ. 80ರ ಕೆಳಗಿನದು ಸಬ್‌ಗೆ, ಮೇಲಿನದು ಸ್ಪೀಕರ್‌ಗೆ. ರಿಸೀವರ್‌ನ ಆಂಪ್ಲಿಫೈಯರ್‌ಗೂ ಉಸಿರಾಡಲು ಜಾಗ ಸಿಗುತ್ತದೆ. ಈ ಒಂದು ಬದಲಾವಣೆಯಿಂದ ಎಷ್ಟೋ ಮನೆಗಳಲ್ಲಿ ಮಾತು ತಿಳಿಯಾಗಿದೆ.

ಇಷ್ಟಾದ ಮೇಲೆಯೇ ಕೇಳುವ ಪರೀಕ್ಷೆ. ಮೊದಲು ವಾರ್ತೆ ಹಾಕಿ. ಕನ್ನಡ ಚಾನೆಲ್‌ಗಳು ಹೆಚ್ಚಾಗಿ ಸ್ಟೀರಿಯೊದಲ್ಲೇ ಬರುತ್ತವೆ, ಆದ್ದರಿಂದ ಮೋಡ್ ಅನ್ನು "ಡಾಲ್ಬಿ ಸರೌಂಡ್"ಗೆ (ಎರಡು ಚಾನೆಲ್‌ನ ಸದ್ದನ್ನು ಎಲ್ಲ ಸ್ಪೀಕರ್‌ಗೂ ಹಂಚುವ ಮೋಡ್) ತನ್ನಿ. ದನಿ ಸೆಂಟರ್ ಸ್ಪೀಕರ್‌ನಲ್ಲಿ, ಪರದೆಯ ಮೇಲಿನ ಬಾಯಿಗೆ ಅಂಟಿಕೊಂಡಂತೆ ಕೇಳಬೇಕು. ಸಕಾರ, ಶಕಾರ, ಷಕಾರ ಗಮನಿಸಿ. "ಶಾಸಕರು ಸಚಿವರಿಗೆ ವಿಶೇಷ" ಅನ್ನುವಾಗ ಹಾವು ಬುಸುಗುಟ್ಟಿದಂತಾದರೆ ಮೇಲಿನ ಸ್ವರಗಳು ಜಾಸ್ತಿಯಾಗಿವೆ. ಆಮೇಲೆ ವಾಲ್ಯೂಮ್ ಇಳಿಸುತ್ತಾ ಹೋಗಿ ಹಕಾರ ಕೇಳಿಸುತ್ತಿದೆಯಾ ನೋಡಿ. ಮೆಲ್ಲಗಿನ ಸದ್ದಿನಲ್ಲಿ ಮೊದಲು ಮಾಯವಾಗುವ ಅಕ್ಷರ ಅದು. (ಕೆಲವು ಆ್ಯಂಕರ್‌ಗಳು ಹಕಾರವನ್ನು ತಾವೇ ನುಂಗುತ್ತಾರೆ, ಅದಕ್ಕೆ ರಿಸೀವರ್ ಹೊಣೆಯಲ್ಲ.)

ಎರಡನೆಯದು ತಂಬೂರಿ. ಬರೀ ಶ್ರುತಿಯ ಒಳ್ಳೆಯ ರೆಕಾರ್ಡಿಂಗ್ ಹಾಕಿ ಕಣ್ಣು ಮುಚ್ಚಿ ಕೂತರೆ ಎಡಬಲದ ಸಮತೋಲ, ಕಿರುಗುಡುವಿಕೆ ಎಲ್ಲ ಬಯಲಾಗುತ್ತದೆ. ತಂತಿಯ ಝೇಂಕಾರ ಸರಾಗವಾಗಿ ಕರಗಬೇಕು. ಮೂರನೆಯದು ಯಕ್ಷಗಾನದ ಚೆಂಡೆ. ಕೋಲು ಬಿದ್ದ ಕ್ಷಣದ ಏಟು ಬೇರೆ, ಅದರ ನಾದ ಬೇರೆ ಅಂತ ಕಿವಿಗೆ ಗೊತ್ತಾಗಬೇಕು. ಎರಡೂ ಕಲಸಿಕೊಂಡು "ಧಬ್" ಅಂತ ಮುದ್ದೆಯಾದರೆ ಸಬ್‌ನ ಜಾಗ ಬದಲಿಸಿ ನೋಡಿ, ಮೂಲೆಯಿಂದ ಎರಡಡಿ ಈಚೆಗೆ ಎಳೆದರೂ ವ್ಯತ್ಯಾಸ ತಿಳಿಯುತ್ತದೆ. ಸಿನಿಮಾ ದೃಶ್ಯ ಕೊನೆಗೆ.

ಕ್ಯಾಲಿಬ್ರೇಷನ್ ಇಟ್ಟು ಒಮ್ಮೆ, ತೆಗೆದು "ಡೈರೆಕ್ಟ್" ಮೋಡ್‌ನಲ್ಲಿ ಒಮ್ಮೆ ಹೋಲಿಸುವಾಗ ಎರಡರ ಜೋರೂ ಒಂದೇ ಇರುವಂತೆ ನೋಡಿಕೊಳ್ಳಿ. ಒಂದೇ ಒಂದು ಡೆಸಿಬೆಲ್ ಜಾಸ್ತಿ ಇದ್ದದ್ದೂ ನಮ್ಮ ಕಿವಿಗೆ "ಚೆನ್ನಾಗಿದೆ" ಅನ್ನಿಸಿಬಿಡುತ್ತದೆ. ಫೋನಿನ ಸೌಂಡ್ ಮೀಟರ್ ಆ್ಯಪ್ ನಿಖರವಲ್ಲದಿದ್ದರೂ ಈ ಹೋಲಿಕೆಗೆ ಸಾಕು. ರಿಮೋಟ್ ಬೇರೆಯವರ ಕೈಗೆ ಕೊಡಿ, ಯಾವುದು ಯಾವುದೆಂದು ಅವರು ಹೇಳಬಾರದು.

ಪೆಟ್ಟಿಗೆಯ ಮೇಲಿನ ವ್ಯಾಟ್‌ಗಳ ಬಗ್ಗೆ ಎರಡು ಮಾತು. ಒಂದೇ ಚಾನೆಲ್, 6 ಓಮ್, 1 ಕಿಲೊಹರ್ಟ್ಸ್, ಶೇ 10 ವಿರೂಪದಲ್ಲಿ ಅಳೆದ 150 ವ್ಯಾಟ್‌ಗೂ, ಎರಡು ಚಾನೆಲ್, 8 ಓಮ್, 20 ಹರ್ಟ್ಸ್‌ನಿಂದ 20 ಕಿಲೊಹರ್ಟ್ಸ್, ಶೇ 0.08 ವಿರೂಪದಲ್ಲಿ ಅಳೆದ 80 ವ್ಯಾಟ್‌ಗೂ ಸಂಬಂಧವಿಲ್ಲ. ಎರಡನೆಯ ಬಗೆಯ ಅಂಕಿಯನ್ನೇ ನಂಬಿ. ಹಾಗೆ ನೋಡಿದರೆ ಬೇಕಾಗುವುದು ತೀರಾ ಕಡಿಮೆ. ಸ್ಪೀಕರ್‌ನ ಸೆನ್ಸಿಟಿವಿಟಿ 88 ಡೆಸಿಬೆಲ್ ಅಂದರೆ ಒಂದು ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 88. ಮೂರು ಮೀಟರ್ ದೂರದ ಸೋಫಾಗೆ ಬರುವಷ್ಟರಲ್ಲಿ, ಗೋಡೆಗಳ ಸಹಾಯ ಲೆಕ್ಕಕ್ಕೆ ಹಿಡಿಯದಿದ್ದರೂ, ಸುಮಾರು 79. ಮನೆಯಲ್ಲಿ ಆರಾಮಾಗಿ ಕೇಳುವ 70 ಡೆಸಿಬೆಲ್‌ಗೆ ಒಂದು ವ್ಯಾಟ್‌ನ ಎಂಟನೇ ಒಂದು ಪಾಲು ಸಾಕು! ಅದಕ್ಕಿಂತ 20 ಡೆಸಿಬೆಲ್ ಮೇಲೆ ಜಿಗಿಯುವ ಸ್ಫೋಟಕ್ಕೆ ಅದರ ನೂರು ಪಟ್ಟು, ಅಂದರೆ ಹನ್ನೆರಡು ಹದಿಮೂರು ವ್ಯಾಟ್. 80ರಿಂದ 160 ವ್ಯಾಟ್‌ಗೆ ಹಾರಿದರೆ ಸಿಗುವುದು 3 ಡೆಸಿಬೆಲ್ ಮಾತ್ರ. ನಮ್ಮ ಹಾಲ್ 11 ಅಡಿಗೆ 16 ಅಡಿ, ಇಲ್ಲಿ ದೊಡ್ಡ ಮಾಡೆಲ್‌ಗೆ ಕೊಡುವ ಹೆಚ್ಚಿನ ದುಡ್ಡನ್ನು ನಾನು ಸೆಂಟರ್ ಸ್ಪೀಕರ್‌ಗೆ ಹಾಕುತ್ತೇನೆ.

ಆಟ್ಮಾಸ್ (ತಲೆಯ ಮೇಲಿಂದಲೂ ಸದ್ದು ಕೇಳಿಸುವ ಡಾಲ್ಬಿ ತಂತ್ರ) ಬೇಕು ಅನ್ನುವವರು ಮೊದಲು ತಲೆ ಎತ್ತಿ ನೋಡಬೇಕು. ಮೇಲಕ್ಕೆ ಮುಖ ಮಾಡಿದ ಸ್ಪೀಕರ್‌ಗಳು ಸದ್ದನ್ನು ಸೂರಿಗೆ ಬಡಿದು ಕೆಳಗೆ ತರುತ್ತವೆ, ಅದಕ್ಕೆ ಸಪಾಟಾದ ಗಟ್ಟಿ ಸೂರು ಬೇಕು. ಮಲೆನಾಡು, ಕರಾವಳಿಯ ಹೆಂಚಿನ ಮನೆಯ ಇಳಿಜಾರು ಮಾಡಿಗೆ ಅವು ದಂಡ. ಆರ್‌ಸಿಸಿ ಮನೆಯಲ್ಲೂ ಫ್ಯಾನಿನ ರೆಕ್ಕೆ ದಾರಿಗೆ ಅಡ್ಡ ಬರುತ್ತದೆ.

ಇನ್ನು ನಮ್ಮ ಕರೆಂಟಿಗೆ ತಕ್ಕ ಪರೀಕ್ಷೆಗಳು. ಇವು ಯಾವ ವಿದೇಶಿ ವಿಮರ್ಶೆಯಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಏನೂ ಓಡಿಸದೆ ವಾಲ್ಯೂಮ್ ಏರಿಸಿ ಸ್ಪೀಕರ್ ಹತ್ತಿರ ಕಿವಿ ಇಡಿ. ಸಣ್ಣ "ಸ್ಸ್" ಇದ್ದರೆ ಸಹಜ. "ಗುಂಯ್" ಅಂತ ಗುನುಗಿದರೆ ಸೆಟ್‌ಟಾಪ್ ಬಾಕ್ಸ್‌ಗೆ ಬರುವ ಡಿಶ್ ಅಥವಾ ಕೇಬಲ್ ವೈರನ್ನು ಕಿತ್ತು ನೋಡಿ. ಗುನುಗು ನಿಂತರೆ ಅದು ಗ್ರೌಂಡ್ ಲೂಪ್ (ಎರಡು ದಾರಿಯಲ್ಲಿ ಅರ್ತಿಂಗ್ ಸೇರಿ ಆಗುವ ಗುನುಗು), ಯಂತ್ರದ ದೋಷವಲ್ಲ. ನಿಲ್ಲದಿದ್ದರೆ ಮನೆಯ ಅರ್ತಿಂಗನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಸ್ಕ್ವೇರ್ ವೇವ್ ಇನ್ವರ್ಟರ್ ಇರುವ ಮನೆಯಲ್ಲಿ ಕರೆಂಟು ಹೋದ ತಕ್ಷಣ ಇದೇ ಗುಂಯ್ ಶುರುವಾಗುತ್ತದೆ, ರಿಸೀವರನ್ನು ಇನ್ವರ್ಟರ್ ಲೈನಿನಿಂದ ತಪ್ಪಿಸುವುದೇ ಮೇಲು. ಮತ್ತೆ ಬೇಕಂತಲೇ ಸಾಧಾರಣ ವಾಲ್ಯೂಮ್‌ನಲ್ಲಿ ಒಮ್ಮೆ ಗೋಡೆಯ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಕ್ಯಾಲಿಬ್ರೇಷನ್, ಇನ್‌ಪುಟ್ ಹೆಸರು, ವಾಲ್ಯೂಮ್ ಎಲ್ಲ ನೆನಪಿಟ್ಟುಕೊಂಡಿದೆಯಾ? ನನ್ನ ಹಿಂದಿನ ಯಂತ್ರ ಕರೆಂಟು ಹೋಗಿ ಬಂದಾಗಲೆಲ್ಲ ಇನ್‌ಪುಟ್ ಮರೆತು ಎಫ್‌ಎಂಗೆ ಹೋಗಿ ನಿಲ್ಲುತ್ತಿತ್ತು. ಬೆಳಿಗ್ಗೆ ಎದ್ದರೆ ಹಾಲ್‌ನಲ್ಲಿ ಬರೀ "ಶ್‌ಶ್".

ಬಿಸಿ ನೋಡುವುದು ಸುಲಭ. ಒಂದು ಪೂರ್ತಿ ಸಿನಿಮಾ ಆದ ಮೇಲೆ ಮೇಲಿನ ಜಾಲರಿಯ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ಸರಿ, ಕೈ ಇಟ್ಟುಕೊಂಡಿರಲು ಆಗದಿದ್ದರೆ ಗಾಳಿ ಸಾಲದು. ಮುಚ್ಚಿದ ಶೋಕೇಸಿನೊಳಗೆ ಇಡಬೇಡಿ, ಮೇಲೆ ಕ್ರೋಷಾ ಬಟ್ಟೆ ಹಾಸಿ ಗಣಪತಿ ಕೂರಿಸಬೇಡಿ.

ಎಚ್‌ಡಿಎಂಐನಲ್ಲಿ ನೋಡುವುದು ಮೂರು ಸಂಗತಿ. ಟಿವಿಯ ಆ್ಯಪ್‌ನಲ್ಲಿ ಆಟ್ಮಾಸ್ ಇರುವ ಸಿನಿಮಾ ಹಾಕಿ, ರಿಸೀವರ್ ರಿಮೋಟ್‌ನ ಇನ್ಫೊ ಬಟನ್ ಒತ್ತಿ. ಡಿಸ್‌ಪ್ಲೇಯಲ್ಲಿ ಬರೀ "ಪಿಸಿಎಂ" (ಆಟ್ಮಾಸ್ ಇಲ್ಲದ ಸಾಮಾನ್ಯ ಸದ್ದು) ಬಂದರೆ ಟಿವಿಯ ಆಡಿಯೊ ಸೆಟ್ಟಿಂಗನ್ನು "ಪಾಸ್‌ಥ್ರೂ" ಅಥವಾ "ಬಿಟ್‌ಸ್ಟ್ರೀಮ್"ಗೆ ಬದಲಿಸಬೇಕು. ಒಟಿಟಿ ಆಟ್ಮಾಸ್ ಡಾಲ್ಬಿ ಡಿಜಿಟಲ್ ಪ್ಲಸ್‌ನಲ್ಲಿ ಬರುವುದರಿಂದ ಅದಕ್ಕೆ ಸಾಮಾನ್ಯ ಎಆರ್‌ಸಿಯೇ (ಟಿವಿಯ ಸದ್ದನ್ನು ಎಚ್‌ಡಿಎಂಐ ಕೇಬಲ್‌ನಲ್ಲೇ ರಿಸೀವರ್‌ಗೆ ಕಳಿಸುವ ದಾರಿ) ಸಾಕು, ಬ್ಲೂರೇಯ ಟ್ರೂಎಚ್‌ಡಿಯನ್ನು ಟಿವಿಯ ಮೂಲಕ ತರಲು ಮಾತ್ರ ಅದರ ಸುಧಾರಿತ ರೂಪವಾದ ಇಎಆರ್‌ಸಿ ಬೇಕು. ಎರಡನೆಯದು ತುಟಿ ಮತ್ತು ದನಿಯ ಹೊಂದಿಕೆ. ಕ್ರಿಕೆಟ್ ಹಾಕಿದರೆ ಬ್ಯಾಟಿಗೆ ಚೆಂಡು ತಾಗುವುದಕ್ಕೂ "ಟಕ್"ಗೂ ಅಂತರ ತಿಳಿಯುತ್ತದೆ, ಆದರೆ ಪ್ರಸಾರವೇ ತಪ್ಪಿರಬಹುದು, ಇನ್ನೊಂದು ಮೂಲದಲ್ಲೂ ನೋಡಿ. ದನಿ ಮುಂದೆ ಓಡುತ್ತಿದ್ದರೆ ರಿಸೀವರ್ ತಡೆದು ನಿಲ್ಲಿಸಬಲ್ಲದು. ಹಿಂದೆ ಬಿದ್ದರೆ ಅದರ ಕೈಯಲ್ಲಿ ಏನೂ ಇಲ್ಲ, ಟಿವಿಯಲ್ಲಿ ಗೇಮ್ ಮೋಡ್ ಇದ್ದರೆ ತೆಗೆದು ಚಿತ್ರವನ್ನು ತುಸು ತಡವಾಗಿಸಬೇಕು. ಮೂರನೆಯದು ಗೇಮ್ ಆಡುವವರಿಗೆ: 2020ರಲ್ಲಿ ಬಂದ ಕೆಲವು ರಿಸೀವರ್‌ಗಳು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್‌ನ 4ಕೆ 120 ಹರ್ಟ್ಸ್ ಚಿತ್ರಕ್ಕೆ ಕಪ್ಪು ಪರದೆ ತೋರಿಸುತ್ತಿದ್ದವು, ಎಚ್‌ಡಿಎಂಐ ಚಿಪ್‌ನದ್ದೇ ದೋಷ. ಆ ಕಾಲದ ಸೆಕೆಂಡ್ ಹ್ಯಾಂಡ್ ಮಾಡೆಲ್ ಕೊಳ್ಳುವುದಾದರೆ ನಿಮ್ಮ ಕನ್ಸೋಲ್ ಹೊತ್ತುಕೊಂಡೇ ಹೋಗಿ.

ಕೊನೆಯ ಪರೀಕ್ಷಕರು ಮನೆಯವರು. ರಿಮೋಟ್‌ಗಳನ್ನು ಅಮ್ಮನ ಕೈಗೆ ಕೊಟ್ಟು ನಾನು ಹೊರಗೆ ಹೋಗುತ್ತೇನೆ. ಟಿವಿ ಆನ್ ಮಾಡಿದರೆ ರಿಸೀವರ್ ತಾನೇ ಏಳಬೇಕು, ಟಿವಿ ರಿಮೋಟ್‌ನಲ್ಲೇ ವಾಲ್ಯೂಮ್ ಏರಬೇಕು, ಅವರ ಧಾರಾವಾಹಿ ಶುರುವಾಗಬೇಕು. ಸಿಇಸಿ (ಎಚ್‌ಡಿಎಂಐ ಮೂಲಕ ಯಂತ್ರಗಳು ಒಂದನ್ನೊಂದು ನಿಯಂತ್ರಿಸುವ ಸೌಲಭ್ಯ) ಸರಿ ಇದ್ದರೆ ಆಗುತ್ತದೆ. "ಏನೋ ಹಾಳಾಯ್ತು ಬಾರೋ" ಅಂತ ಫೋನು ಬಂದರೆ ಅಂಕ ಕಳೆಯುತ್ತೇನೆ, ಎಷ್ಟೇ ಚೆನ್ನಾಗಿ ಹಾಡಲಿ.

ವಾಪಸ್ ಮಾಡುವ ಗಡುವು ಮುಗಿಯುವ ಮೊದಲು ಇಷ್ಟೆಲ್ಲ ಆಗಬೇಕು. ವೈರು ಸರಿಯಿದ್ದೂ ಪ್ರೊಟೆಕ್ಷನ್‌ಗೆ ಹೋಗುವುದು, ಕೇಬಲ್ ಬದಲಿಸಿದರೂ ಚಿತ್ರ ಕಡಿದು ಕಡಿದು ಬರುವುದು, ಒಂದು ಚಾನೆಲ್ ಮಾತ್ರ ಕರಕರ ಅನ್ನುವುದು, ಸೆಟ್ಟಿಂಗ್ ಮರೆಯುವುದು, ಇವಕ್ಕೆ ನಾನು ಸರ್ವಿಸ್ ಸೆಂಟರ್‌ಗೆ ಕಾಯದೆ ನೇರ ಬದಲಿ ಕೇಳುತ್ತೇನೆ. ಕರಕರ ಅನ್ನುವ ಚಾನೆಲ್ ಯಾವುದೆಂದು ಖಚಿತ ಮಾಡಲು ಎಡಬಲದ ಸ್ಪೀಕರ್ ವೈರನ್ನು ರಿಸೀವರ್ ಹಿಂದೆ ಅದಲುಬದಲು ಮಾಡಿ. ಸದ್ದು ಆ ಕಡೆಗೆ ಹಾರಿದರೆ ರಿಸೀವರ್‌ನದ್ದು, ಅಲ್ಲೇ ಉಳಿದರೆ ಸ್ಪೀಕರ್ ಅಥವಾ ಅದರ ವೈರಿನದ್ದು. ಅದನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಂಡರೆ ಅಂಗಡಿಯವರ ಜೊತೆ ವಾದ ಬೇಗ ಮುಗಿಯುತ್ತದೆ. ಪೆಟ್ಟಿಗೆ, ಒಳಗಿನ ಥರ್ಮಾಕೋಲ್ ಎರಡನ್ನೂ ವಾರಂಟಿ ಮುಗಿಯುವವರೆಗೆ ಅಟ್ಟದ ಮೇಲೆ ಇಟ್ಟಿರಿ. ಹತ್ತು ಕಿಲೊ ತೂಕದ ಯಂತ್ರವನ್ನು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿಗೆ ಹಾಕಿದರೆ ಅದು ಬೆಂಗಳೂರು ತಲುಪುವಾಗ ಇನ್ನೊಂದು ರಿಪೇರಿ ಸೇರಿಕೊಂಡಿರುತ್ತದೆ.