ತೊಗರಿ: ಬದುವಿನ ಈ ಕಡೆ ಸಾವಯವ, ಆ ಕಡೆ ರಾಸಾಯನಿಕ

ಮೂರನೇ ವರ್ಷಕ್ಕೆ ಕೊನೆಗೂ ಲೆಕ್ಕ ಕೂಡಿತು. ಎರಡು ಎಕರೆ ತೊಗರಿ, ನಡುವೆ ಒಂದು ಬದು. ತಳಿ ಒಂದೇ, ಬಿತ್ತಿದ ದಿನವೂ ಒಂದೇ. "ಹುಳ ಸಾಕೋಕೆ ಹೊರಟಿದ್ದಾನೆ" ಅಂತ ನಕ್ಕವರೇ ಈಗ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ.

ಮೊದಲ ವರ್ಷ ನಾನೇ ಕೆಡಿಸಿಕೊಂಡೆ. ಔಷಧಿ ಹಚ್ಚಿ ಬಂದಿದ್ದ ಪ್ಯಾಕೆಟ್ ಬೀಜಕ್ಕೇ ರೈಜೋಬಿಯಂ (ಬೇರಿನಲ್ಲಿ ಗಂಟು ಕಟ್ಟಿ ಗಾಳಿಯ ಸಾರಜನಕ ಹಿಡಿದುಕೊಡುವ ಬ್ಯಾಕ್ಟೀರಿಯಾ) ಲೇಪಿಸಿದ್ದೆ, ಆ ಔಷಧಿಗೆ ಅದು ಸತ್ತಿರಬೇಕು. ತಿಂಗಳು ಬಿಟ್ಟು ಗಿಡ ಕಿತ್ತರೆ ಬೇರಿನಲ್ಲಿ ನಾಲ್ಕೇ ಗಂಟು, ಉಗುರಲ್ಲಿ ಸೀಳಿದರೆ ಒಳಗೆ ಬಿಳಿ. ಕೆಲಸ ಮಾಡೋ ಗಂಟಾದರೆ ಕೆಂಪಗಿರಬೇಕಿತ್ತು ಅಲ್ವಾ? ಮೇಲಿಂದ ಸರಿಯಾಗಿ ಕಳಿಯದ ಗೊಬ್ಬರ ಹಾಕಿ ಗೆದ್ದಲು ಬೇರೆ. ಇಳುವರಿ ಆ ಕಡೆಯ ಅರ್ಧವೂ ಬರಲಿಲ್ಲ.

ಎರಡನೇ ವರ್ಷ ಮನೆ ಬೀಜ, ಕೆಜಿಗೆ 4 ಗ್ರಾಂ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಒಳ್ಳೆಯ ಶಿಲೀಂಧ್ರದ ಪುಡಿ), ಆಮೇಲೆ ರೈಜೋಬಿಯಂ, ನೆರಳಲ್ಲಿ ಆರಿಸಿ ಬಿತ್ತಿದೆ. ಗಂಟು ಚೆನ್ನಾಗಿ ಕಟ್ಟಿತು, ಕಾಯಿಯೂ ಹಿಡಿಯಿತು, ಆದರೆ ಅದನ್ನು ಕಾಯಿಕೊರಕ ತಿಂದಿತು. ಹುಳ ಬೆರಳುದ್ದ ಬಲಿತ ಮೇಲೆ, ಅದೂ ಉರಿ ಬಿಸಿಲಲ್ಲಿ, ಬೇವಿನ ಬೀಜದ ಕಷಾಯ ಹೊಡೆದರೆ ಏನಾಗುತ್ತೆ? ಸುಮ್ನೆ ಬೆನ್ನು ನೋವು.

ಈ ಸಲ ಮೊಗ್ಗಿನ ಮೇಲೆ ಮೊಟ್ಟೆ ಕಂಡ ದಿನವೇ ಶುರು ಮಾಡಿದೆ. 100 ಲೀಟರ್ ನೀರಿಗೆ 5 ಕೆಜಿ ಬೇವಿನ ಬೀಜ, ರಾತ್ರಿ ನೆನೆಸಿ, ಸಂಜೆ ಹೊತ್ತು, ಹತ್ತು ದಿನ ಬಿಟ್ಟು ಹತ್ತು ದಿನ, ಮೂರು ಸಲ. ನಡುವೆ ಒಮ್ಮೆ ಬೆಲ್ಲ ಕಲಸಿ ಎನ್‌ಪಿವಿ, ಅಂದರೆ ಕಾಯಿಕೊರಕಕ್ಕೆ ರೋಗ ತಂದು ಕೊಲ್ಲುವ ವೈರಸ್ ದ್ರಾವಣ. ಕಷಾಯಕ್ಕೆ ಇನ್ನೊಂದು ಸೊಪ್ಪು ಸೇರಿಸುತ್ತೇನೆ, ಅದರ ಹೆಸರು ಸದ್ಯಕ್ಕೆ ಬೇಡ. ಬಲಿತ ಹುಳಕ್ಕೆ ನಾನು ಔಷಧಿ ಹೊಡೆಯಲೇ ಇಲ್ಲ: ಗಿಡದ ಬುಡಕ್ಕೆ ತಾಡಪಾಲು ಹಾಸಿ ಅಲ್ಲಾಡಿಸಿದರೆ ಪಟಪಟ ಉದುರುತ್ತವೆ, ಆರಿಸಿ ಸೋಪಿನ ನೀರಿಗೆ ಹಾಕಿದೆ.

ಸಾಲಿನ ನಡುವೆ ಅಲ್ಲಲ್ಲಿ ಜೋಳ ಚೆಲ್ಲಿ ನೋಡಿದೆ, ಹಕ್ಕಿ ಕೂರಲಿ ಅಂತ. ಕೂತವು, ಹುಳ ತಿಂದವು, ತೆನೆಯನ್ನೂ ಖಾಲಿ ಮಾಡಿದವು. ಬದು ದಾಟಿ ಆ ಕಡೆಯ ಹುಳವನ್ನೂ ತಿಂದಿರಬೇಕು, ಹಾಗಾಗಿ ನನ್ನ ಹೋಲಿಕೆ ಪೂರ್ತಿ ನ್ಯಾಯದ್ದೇನಲ್ಲ.

ನೆನಪಿನ ಲೆಕ್ಕ: ಸಾವಯವ ಐದೂವರೆ ಕ್ವಿಂಟಲ್, ಆ ಕಡೆ ಆರೂವರೆ ಹತ್ತಿರ. ಆದರೆ ಆ ಕಡೆ ಒಂದು ಚೀಲ ಡಿಎಪಿ ರಾಸಾಯನಿಕ ಗೊಬ್ಬರ, ಐದು ಸಲ ಸ್ಪ್ರೇ. ಈ ಕಡೆಯ ಖರ್ಚು ಅದರ ಅರ್ಧಕ್ಕಿಂತ ಕಡಿಮೆ. ಮಾರಿದ್ದು ಎರಡನ್ನೂ ಒಂದೇ ರೇಟಿಗೆ, ಪ್ರಮಾಣಪತ್ರ ಇಲ್ಲವಲ್ಲ. ಆದರೂ ಕೈಯಲ್ಲಿ ಉಳಿದಿದ್ದು ಈ ಕಡೆಯದೇ ಜಾಸ್ತಿ. ನಮ್ಮ ಮನೆಯವರ ಕೂಲಿ ಹಿಡಿದರೆ ಮಾತ್ರ ಎರಡೂ ಸಮ ಸಮ, ಅದನ್ನು ಮುಚ್ಚಿಡಲ್ಲ.

ನೀರು ನಿಲ್ಲುವ ತಗ್ಗಿನ ಮೂಲೆಯಲ್ಲಿ ನೆಟೆ ರೋಗಕ್ಕೆ ಎರಡೂ ಕಡೆ ಒಂದೇ ಥರ ಒಣಗಿತು. ಅಲ್ಲಿ ಮುಂದಿನ ಸಲ ತೊಗರಿ ಇಲ್ಲ, ಬರೀ ಜೋಳ.