ಹಳೇ ಲೆನ್ಸ್, ಹೊಸ ವರ್ಷನ್: ಯಾವುದು ಶಾರ್ಪ್ ಅಂತ ನೀವೇ ನೋಡಿಕೊಳ್ಳಿ

"ಅಣ್ಣಾ, ಹಳೇ ಲೆನ್ಸ್ ಕೊಟ್ಟು ಮಾರ್ಕ್ ಟೂ, ಅಂದ್ರೆ ಅದರದ್ದೇ ಎರಡನೇ ವರ್ಷನ್, ತಗೊಂಡ್ರೆ ಶಾರ್ಪ್ ಬರತ್ತಾ?" ಹಾಸನದ ನಮ್ಮ ಸ್ಟುಡಿಯೋಗೆ ಬರುವ ಹುಡುಗರು ಮದುವೆ ಸೀಸನ್‌ಗೆ ಮುಂಚೆ ಕೇಳುವ ಪ್ರಶ್ನೆ ಇದು. ನಾನು ತಿರುಗಿ ಕೇಳುವುದು ಒಂದೇ: ಒಳಗಿನ ಗ್ಲಾಸ್ ಬದಲಾಗಿದೆಯಾ?

ಎಷ್ಟೋ ಸಲ ಬದಲಾಗಿರುವುದಿಲ್ಲ. ಕ್ಯಾನನ್ 50 ಎಂಎಂ ಎಫ್/1.8 ನೋಡಿ. 1990ರ ವರ್ಷನ್ ಟೂನಲ್ಲೂ 2015ರ ಹೊಸ ವರ್ಷನ್ ಎಸ್‌ಟಿಎಂನಲ್ಲೂ ಐದು ಗುಂಪಿನಲ್ಲಿ ಅದೇ ಆರು ಗ್ಲಾಸ್. ಗ್ಲಾಸಿನ ಮೇಲಿನ ಕೋಟಿಂಗ್ ಹೊಸದು, ಫೋಕಸ್ ಮೋಟಾರ್ ಹೊಸದು, ಪ್ಲಾಸ್ಟಿಕ್ ಮೌಂಟ್ ಹೋಗಿ ಲೋಹದ್ದು ಬಂತು, ಅಷ್ಟೇ. ಕ್ಯಾನನ್ 70-200 ಎಫ್/2.8 ಜೂಮ್‌ನ ಮಾರ್ಕ್ ಟೂ, 2018ರ ಮಾರ್ಕ್ ತ್ರೀ ನಡುವೆಯೂ ಒಳಗಿನ ಗ್ಲಾಸ್ ಅದೇ. ಇಂಥ ಜೋಡಿಯಲ್ಲಿ ಶಾರ್ಪ್‌ನೆಸ್ ಹುಡುಕಿ ಸುಮ್ನೆ ದುಡ್ಡು ಸುರಿಯಬೇಡಿ. ಕ್ಯಾನನ್ 100-400 ಜೂಮ್ ಹಾಗಲ್ಲ. 1998ರ ಎಳೆದು ತಳ್ಳುವ ಜೂಮ್‌ನಲ್ಲಿ 17 ಗ್ಲಾಸ್, 2014ರದ್ದರಲ್ಲಿ 21. ಅಲ್ಲಿ ಟೆಸ್ಟ್ ಮಾಡುವುದಕ್ಕೆ ಅರ್ಥವಿದೆ.

ಮೊದಲು ಹಳೇ ಲೆನ್ಸ್‌ಗೆ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ಸಕಲೇಶಪುರದ ಕಡೆ ಎರಡು ಮಳೆಗಾಲ ಬ್ಯಾಗಿನಲ್ಲೇ ಕೂತಿದ್ದರೆ ಒಳಗೆ ಬಿಳಿ ಎಳೆ ಹರಡಿರಬಹುದು. ಅದು ಫಂಗಸ್. ಮಂಕಾದ ಪೀಸ್ ಇಟ್ಟುಕೊಂಡು ಹಳೇ ವರ್ಷನ್ನೇ ಸರಿಯಿಲ್ಲ ಅನ್ನುವುದು ನ್ಯಾಯವಲ್ಲ. ಮುಂದೆ ಹಾಕಿರುವ ಅಗ್ಗದ ಯುವಿ ಫಿಲ್ಟರನ್ನೂ ಬಿಚ್ಚಿ.

ಟಾರ್ಗೆಟ್‌ಗೆ ಕನ್ನಡ ಪೇಪರ್ ಸಾಕು, ಅದರಲ್ಲೂ ಕ್ಲಾಸಿಫೈಡ್ ಪುಟ. ಸಣ್ಣ ಅಕ್ಷರದ ಒತ್ತುಗಳಿವೆಯಲ್ಲ, ಲೆನ್ಸ್ ಸ್ವಲ್ಪ ಮೆತ್ತಗಿದ್ದರೂ ಮೊದಲು ಕಲಸಿಹೋಗುವುದು ಅವೇ. ಚಪ್ಪಟೆ ಗೋಡೆಗೆ ನಡುವೆ ಒಂದು, ಫ್ರೇಮಿನ ನಾಲ್ಕು ಮೂಲೆಗೆ ಒಂದೊಂದು ಹಾಳೆ ಬಿಗಿಯಾಗಿ ಅಂಟಿಸಿ. ಹಳೇಬೀಡಿಗೆ ಹೋಗಿ ಮಾಡ್ತೀನಿ ಅಂತ ಒಬ್ಬ ಹೊರಟಿದ್ದ. ಅಲ್ಲಿನ ಕೆತ್ತನೆಯಷ್ಟು ಡೀಟೇಲ್ ಇನ್ನೆಲ್ಲೂ ಸಿಗಲ್ಲ, ನಿಜ. ಆದರೆ ಆ ಗೋಡೆ ಮೂಲೆಮೂಲೆಯಾಗಿ ಒಳಗೆ ಹೊರಗೆ ಮಡಚಿಕೊಂಡಿದೆ. ಫ್ರೇಮಿನ ಒಂದು ಬದಿ ಹತ್ತಿರ, ಇನ್ನೊಂದು ದೂರ. ಅನುಮತಿ ಇಲ್ಲದೆ ಟ್ರೈಪಾಡ್ ಕೂಡ ಬಿಡುವುದಿಲ್ಲ.

ಕ್ಯಾಮೆರಾ ಗೋಡೆಗೆ ನೇರವಾಗಿದೆಯಾ ಅಂತ ನೋಡುವ ಉಪಾಯ ಹೇಳ್ತೀನಿ. ನಡುವಿನ ಹಾಳೆಯ ಮೇಲೆ ಒಂದು ಚಿಕ್ಕ ಕನ್ನಡಿ ಚಪ್ಪಟೆಯಾಗಿ ಅಂಟಿಸಿ. ಲೈವ್ ವ್ಯೂನಲ್ಲಿ, ಅಂದರೆ ಕ್ಯಾಮೆರಾದ ಹಿಂದಿನ ಸ್ಕ್ರೀನಿನಲ್ಲಿ ನೋಡಿದಾಗ, ಕನ್ನಡಿಯೊಳಗೆ ನಿಮ್ಮ ಲೆನ್ಸ್ ಸ್ಕ್ರೀನಿನ ಸರಿಯಾದ ನಡುವೆ ಕಾಣಬೇಕು. ಕಾಣುವವರೆಗೆ ಟ್ರೈಪಾಡ್ ಸರಿಸಿ, ಆಮೇಲೆ ಕನ್ನಡಿ ತೆಗೆಯಿರಿ. ಈ ಕೆಲಸಕ್ಕೆ ಬೇಜಾರು ಮಾಡಿಕೊಂಡರೆ ಮೂಲೆಗಳ ಬಗ್ಗೆ ಮುಂದೆ ಹೇಳುವ ಯಾವ ಮಾತಿಗೂ ಬೆಲೆ ಇಲ್ಲ.

50 ಎಂಎಂಗೆ ಎರಡು ಮೀಟರ್ ದೂರ ಸಾಕು. 400 ಎಂಎಂಗೆ ಹದಿನೈದು ಮೀಟರಾದರೂ ಬೇಕು, ಅಂದರೆ ತಾರಸಿಯೋ ಕಾಫಿ ಕಣವೋ ಆಗಬೇಕು. ಕಣದ ಸಿಮೆಂಟ್ ಕಾದಮೇಲೆ ಮಾಡಬೇಡಿ. ಬಿಸಿಗಾಳಿ ಕುಣಿಯುತ್ತದೆ, ಎಂಥ ಲೆನ್ಸಾದರೂ ಮಸುಕು. ಬೆಳಿಗ್ಗೆ ಬೇಗ, ಮೋಡ ಇದ್ದರೆ ಇನ್ನೂ ಒಳ್ಳೆಯದು.

ಎರಡು ಲೆನ್ಸ್‌ಗೂ ಬಾಡಿ ಒಂದೇ ಇರಲಿ. ಕ್ರಾಪ್ ಸೆನ್ಸರ್, ಅಂದರೆ ಚಿಕ್ಕ ಸೆನ್ಸರ್ ಇರುವ ಬಾಡಿಯಲ್ಲಿ, ಫುಲ್ ಫ್ರೇಮ್‌ಗೆ ಮಾಡಿದ ಇಂಥ ಲೆನ್ಸಿನ ನಿಜವಾದ ಮೂಲೆ ಫ್ರೇಮಿಗೇ ಬರುವುದಿಲ್ಲ ಅನ್ನುವುದು ನೆನಪಿರಲಿ. ಐಎಸ್‌ಒ 100, ಎರಡು ಸೆಕೆಂಡ್ ಟೈಮರ್, ಸ್ಟೆಬಿಲೈಸರ್ ಆಫ್. ಜೂಮ್ ಆದರೆ ರಿಂಗಿನ ನಂಬರ್ ನಂಬಬೇಡಿ, ಫ್ರೇಮಿನಲ್ಲಿ ಪೇಪರ್ ಒಂದೇ ಅಳತೆಗೆ ಬರುವಂತೆ ನೋಡಿಕೊಳ್ಳಿ. ಲೈವ್ ವ್ಯೂ ಹತ್ತು ಪಟ್ಟು ಹಿಗ್ಗಿಸಿ ಕೈಯಲ್ಲೇ ಫೋಕಸ್ ಮಾಡಿ. ಪ್ರತಿ ಸಲ ಫೋಕಸ್ ಕೆಡಿಸಿ ಮತ್ತೆ ಮಾಡಿ, ಮೂರು ಫೋಟೋದಲ್ಲಿ ಚೆನ್ನಾಗಿರುವುದನ್ನು ಇಟ್ಟುಕೊಳ್ಳಿ. ಫುಲ್ ಓಪನ್ (ಬೆಳಕು ಬರುವ ತೂತು ಪೂರ್ತಿ ತೆರೆದು), ಎಫ್/8, ಎಫ್/11 ತೆಗೆದರೆ ಸಾಕು. ಎಫ್ ನಂಬರ್ ದೊಡ್ಡದಾದಷ್ಟೂ ತೂತು ಚಿಕ್ಕದು. ಎಫ್/16ರಲ್ಲಿ ಡಿಫ್ರಾಕ್ಷನ್, ಅಂದರೆ ಚಿಕ್ಕ ತೂತಿನಲ್ಲಿ ಬೆಳಕು ಹರಡಿಕೊಳ್ಳುವುದು, ಎಲ್ಲವನ್ನೂ ಒಂದೇ ಥರ ಮೆತ್ತಗೆ ಮಾಡುತ್ತದೆ.

ರಾ ಫೈಲ್ (ಕ್ಯಾಮೆರಾ ತಿದ್ದದೆ ಉಳಿಸುವ ಫೈಲ್) ಕಂಪ್ಯೂಟರಿನಲ್ಲಿ ತೆರೆದು ಶಾರ್ಪನಿಂಗ್ ಸೊನ್ನೆಗೆ ಇಳಿಸಿ, ಲೆನ್ಸ್ ಕರೆಕ್ಷನ್ ಆಫ್ ಮಾಡಿ. ಕರೆಕ್ಷನ್ ಮೂಲೆಗಳನ್ನು ಎಳೆದು ಹಿಗ್ಗಿಸುತ್ತದಲ್ವಾ. ಫೈಲ್ ಹೆಸರು ಬೇರೆಯವರ ಕೈಯಲ್ಲಿ ಬದಲಾಯಿಸಿ. ಹೊಸದಕ್ಕೆ ದುಡ್ಡು ಕೊಟ್ಟ ಕಣ್ಣು ಹೊಸದನ್ನೇ ಮೆಚ್ಚುತ್ತದೆ! ಎಫ್/8ರ ನಡುಭಾಗದಲ್ಲಿ ಫರಕು ಕಾಣದಿದ್ದರೆ ಆಶ್ಚರ್ಯ ಪಡಬೇಡಿ. ನೋಡಬೇಕಾದ್ದು ಫುಲ್ ಓಪನ್‌ನ ಮೂಲೆಗಳನ್ನು. ಅಲ್ಲೂ ಮೆತ್ತಗಿದ್ದರೆ ಮೂಲೆಯಲ್ಲೇ ಫೋಕಸ್ ಮಾಡಿ ಇನ್ನೊಂದು ತೆಗೆಯಿರಿ. ಆಗ ಸರಿಹೋದರೆ ಆ ಲೆನ್ಸಿನ ಫೋಕಸ್ ಆಗುವ ಜಾಗವೇ ಬಾಗಿದೆ ಎಂದರ್ಥ.

ಕೋಟಿಂಗ್ ಬೇರೆ ಪರೀಕ್ಷೆ. ಶೆಟ್ಟಿಹಳ್ಳಿಯ ಪಾಳು ಚರ್ಚಿನ ಕಮಾನಿನೊಳಗಿಂದ ಆಕಾಶಕ್ಕೆ ಎದುರಾಗಿ ತೆಗೆದು ನೋಡಿ, ಹೇಮಾವತಿ ಹಿನ್ನೀರು ಇಳಿದಾಗ. ಹಳೇದರಲ್ಲಿ ಕಪ್ಪು ಇಟ್ಟಿಗೆ ಬೂದಿ ಬಣ್ಣಕ್ಕೆ ತಿರುಗಬಹುದು. ಜನ ಅದನ್ನೇ ಶಾರ್ಪ್ ಇಲ್ಲ ಅನ್ನುತ್ತಾರೆ, ನಿಜಕ್ಕೂ ಕಮ್ಮಿಯಾಗಿರುವುದು ಕಾಂಟ್ರಾಸ್ಟ್. ಕಂಪ್ಯೂಟರಿನಲ್ಲಿ ಸುಮಾರಾಗಿ ಸರಿ ಮಾಡಬಹುದು.

ಮದುವೆ ಆಲ್ಬಂ ಮಾಡುವವರು ಎರಡು ಲೆನ್ಸಿನ ಒಂದು ಜೋಡಿ ಫೋಟೋವನ್ನು 12x18 ಇಂಚಿಗೆ ಪ್ರಿಂಟ್ ಹಾಕಿಸಿ ನೋಡಿ. ಅಲ್ಲಿ ಕಾಣದ ಫರಕಿಗೆ ನಾನಂತೂ ಸಾಲ ಮಾಡಲ್ಲ. ಹಕ್ಕಿ ತೆಗೆಯುವವರ ಲೆಕ್ಕ ಬೇರೆ, ಅವರು ಫೋಟೋದ ಚಿಕ್ಕ ಭಾಗ ಕತ್ತರಿಸಿ ದೊಡ್ಡದು ಮಾಡ್ತಾರೆ.

ಒಂದೇ ಮೂಲೆ ಮಾತ್ರ ಮಸುಕು, ಉಳಿದ ಮೂರು ಸರಿ ಇದ್ದರೆ ಅದು ವರ್ಷನ್ ತಪ್ಪಲ್ಲ. ಆ ಪೀಸಿನ ಒಳಗೆ ಗ್ಲಾಸ್ ಓರೆಯಾಗಿರಬಹುದು. ಕನ್ನಡಿ ಇಟ್ಟು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ. ಆಮೇಲೆ ನಾಲ್ಕು ಮೂಲೆಯ ಫೋಟೋ ತೋರಿಸಿ ಅಂಗಡಿಯಲ್ಲಿ ಬೇರೆ ಪೀಸ್ ಕೇಳಿ.