ಕಾಟಾದಿಂದ ಶುರು ಮಾಡಿದೆವು: ನಮ್ಮ ಬೇಳೆ ಮಿಲ್ಲಿನ ಲೆಕ್ಕ ಕಂಪ್ಯೂಟರಿಗೆ ಹೋದ ಬಗೆ

ನಮ್ಮ ಮಿಲ್ಲಿನಲ್ಲಿ ಒಂದೇ ತೂಕವನ್ನು ಏಳು ಕಡೆ ಬರೆಯುತ್ತಿದ್ದೆವು. ಗೇಟಿನ ಪುಸ್ತಕ, ಗಾಡಿ ತೂಗುವ ಕಾಟಾದ ಚೀಟಿ, ಗೋದಾಮಿನವರ ನೋಟ್‌ಬುಕ್, ಹಮಾಲರ ಮೇಸ್ತ್ರಿಯಾದ ಮುಕ್ಕದ್ದಮನ ಲೆಕ್ಕ, ನಮ್ಮ ಲೆಕ್ಕ ಬರೆಯುವ ಮುನೀಮ ಕಾಕಾ ಅವರ ಕಿರ್ದಿ (ದಿನದ ಲೆಕ್ಕದ ಪುಸ್ತಕ), ಪಾರ್ಟಿಯ ಖಾತೆ, ಕೊನೆಗೆ ಅಪ್ಪನ ಜೇಬಿನ ಡೈರಿ. ಏಳೂ ಕಡೆ ಒಂದೇ ಸಂಖ್ಯೆ ಇರಬೇಕು ಅಲ್ವಾ? ಎಷ್ಟೋ ಸಲ ಇರುತ್ತಿರಲಿಲ್ಲ.

ಮಿಲ್ಲು ಇರುವುದು ಕಲಬುರಗಿಯ ಕಪನೂರ ಕೈಗಾರಿಕಾ ಪ್ರದೇಶದಲ್ಲಿ. ತೊಗರಿ ತಂದು ಬೇಳೆ ಮಾಡುತ್ತೇವೆ. ಅಪ್ಪ ಕಟ್ಟಿದ ವ್ಯಾಪಾರ. ಬಿ.ಕಾಂ. ಮುಗಿಸಿ ಬೆಂಗಳೂರಿನಲ್ಲಿ ಕೆಲವು ವರ್ಷ ಕೆಲಸ ಮಾಡಿ ವಾಪಸ್ ಬಂದ ನಾನು ಲೆಕ್ಕಪತ್ರ ನೋಡುತ್ತೇನೆ, ತಮ್ಮ ಮಷೀನು ನೋಡುತ್ತಾನೆ. "ವ್ಯಾಪಾರ ಡಿಜಿಟಲ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?" ಅಂತ ಗಂಜ್‌ನ, ಅಂದರೆ ನಮ್ಮ ಎಪಿಎಂಸಿ ಮಾರುಕಟ್ಟೆಯ, ಕೆಲವರು ಈಗ ನನ್ನನ್ನು ಕೇಳುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ನಾವು ಸೋತೆವು. ಒಂದು ಕಂಪನಿಯವರು ಬಂದು ಸಾಫ್ಟ್‌ವೇರ್ ತೋರಿಸಿದರು. ಪರದೆಯ ಮೇಲೆ ಎಲ್ಲವೂ ಚೆನ್ನಾಗಿ ಕಂಡಿತು. ಡಿಸೆಂಬರ್‌ನಲ್ಲಿ ದುಡ್ಡು ಕೊಟ್ಟೆವು. ಡಿಸೆಂಬರ್ ಅಂದರೆ ಹೊಸ ತೊಗರಿ ಬರುವ ಹೊತ್ತು. ಜೂನ್, ಜುಲೈನಲ್ಲಿ ಬಿತ್ತಿದ್ದು ಆಗ ಕಟಾವಿಗೆ ಬರುತ್ತದೆ. ಜನವರಿಯಲ್ಲಂತೂ ರಾತ್ರಿ ಹನ್ನೊಂದಾದರೂ ಗೇಟಿನ ಮುಂದೆ ಗಾಡಿ ಸಾಲು ನಿಂತಿರುತ್ತವೆ. ಆ ಗದ್ದಲದಲ್ಲಿ ಹೊಸ ಕೆಲಸ ಕಲಿಯಲು ಯಾರಿಗೆ ಪುರುಸೊತ್ತು? ಸಂಕ್ರಾಂತಿ ಬರುವಷ್ಟರಲ್ಲಿ ಎಲ್ಲರೂ ಪುಸ್ತಕಕ್ಕೆ ಮರಳಿದ್ದರು. ಕಂಪ್ಯೂಟರಿನಲ್ಲಿ ಅರ್ಧ ಲೆಕ್ಕ, ಪುಸ್ತಕದಲ್ಲಿ ಇನ್ನರ್ಧ. ಆ ವರ್ಷದ ಆಡಿಟ್‌ಗೆ ನಾವು ಪಟ್ಟ ಪಾಡು ನನಗೆ ಇನ್ನೂ ನೆನಪಿದೆ.

ಆಗ ಮುನೀಮ ಕಾಕಾ ಒಂದು ಮಾತು ಹೇಳಿದರು. "ಮೊದಲ ವಹಿ ಓದಲಾಕ ಕಲಿಯವ್ವಾ. ಆಮ್ಯಾಲ ಅದಕ್ಕ ಕಂಪ್ಯೂಟರ್‌ದಾಗ ಹಾಕುವಂತಿ." ನಾನು ಬಿ.ಕಾಂ. ಓದಿದವಳು, ಟ್ಯಾಲಿ ಬರುತ್ತದೆ, ಆದರೆ ನಮ್ಮ ವಹಿಯನ್ನು, ಅಂದರೆ ಲೆಕ್ಕದ ಪುಸ್ತಕವನ್ನು, ನಾನು ಒಂದು ದಿನವೂ ಪೂರ್ತಿ ಓದಿರಲಿಲ್ಲ. ಆ ಮಾತು ನಿಜವಾಗಿತ್ತು.

ಹಾಗಾಗಿ ಎರಡನೇ ಸಲ ಸಾಫ್ಟ್‌ವೇರಿನ ಹೆಸರನ್ನೇ ಎತ್ತಲಿಲ್ಲ. ಹದಿನೈದು ದಿನ ಸುಮ್ನೆ ಚೀಟಿಗಳ ಹಿಂದೆ ಓಡಾಡಿದೆ. ಗೇಟಿನಲ್ಲಿ ಒಂದು ಗಾಡಿ ಬಂತು ಅಂದರೆ ಅದರ ಜೊತೆಗೇ ನಡೆದೆ. ಯಾರು ಏನು ಬರೆದರು, ಯಾಕೆ ಬರೆದರು, ಆ ಕಾಗದ ಎಲ್ಲಿಗೆ ಹೋಯಿತು, ಯಾರೂ ನೋಡದೆ ಎಲ್ಲಿ ಬಿದ್ದಿತು, ಎಲ್ಲವನ್ನೂ ಗುರುತು ಹಾಕಿಕೊಂಡೆ. ಏಳು ಕಡೆ ಬರೆಯುತ್ತೇವೆ ಅಂತ ಗೊತ್ತಾಗಿದ್ದೇ ಆಗ. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದು ಕಂಡಿತು. ಎಲ್ಲಕ್ಕಿಂತ ಬೇಕಾದ ಒಂದು ಸಂಖ್ಯೆಯನ್ನು ನಾವು ಎಲ್ಲೂ ಬರೆಯುತ್ತಿರಲಿಲ್ಲ. ಅದು ಲಾಟ್ ನಂಬರ್.

ಗಂಜ್‌ನಲ್ಲಿ ರೈತರು ಅಡತ್ (ದಲ್ಲಾಳಿ) ಅಂಗಡಿಗೆ ಮಾಲು ತಂದಾಗ ಪ್ರತಿ ರಾಶಿಗೂ ಒಂದು ಲಾಟ್ ನಂಬರ್ ಬೀಳುತ್ತದೆ. ಕರ್ನಾಟಕದಲ್ಲಿ 2014ರಲ್ಲಿ ಏಕೀಕೃತ ಮಾರುಕಟ್ಟೆ ವ್ಯವಸ್ಥೆ ಶುರುವಾಯಿತು. ಅಲ್ಲಿಂದ ಎಪಿಎಂಸಿಗಳಲ್ಲಿ ಟೆಂಡರ್, ಅಂದರೆ ವ್ಯಾಪಾರಿಗಳು ಮಾಲಿಗೆ ದರ ಹಾಕುವುದು, ಒಂದೊಂದಾಗಿ ಆನ್‌ಲೈನ್‌ಗೆ ಹೋಯಿತು. ಕೇಂದ್ರದ ಆನ್‌ಲೈನ್ ಮಾರುಕಟ್ಟೆ ಇ-ನಾಮ್ ಬಂದಿದ್ದು ಅದಾದ ಮೇಲೆ, 2016ರಲ್ಲಿ. ಅಂದರೆ ನಾವು ಕೊಳ್ಳುವ ಮಾಲು ನಮ್ಮ ಗೇಟಿಗೆ ಬರುವ ಮೊದಲೇ ಡಿಜಿಟಲ್ ಆಗಿರುತ್ತದೆ. ಅದಕ್ಕೊಂದು ನಂಬರ್ ಇದೆ, ದರ ಇದೆ, ತೂಕ ಇದೆ. ನಾವು ಇದೆಲ್ಲ ಇರುವ ಗಂಜ್‌ನ ಪಟ್ಟಿಯನ್ನು ಮೊಳೆಗೆ ಚುಚ್ಚಿ, ಎಲ್ಲ ಚೀಲ ಒಂದೇ ರಾಶಿಗೆ ಸುರಿಯುತ್ತಿದ್ದೆವು. ಅಲ್ಲಿಗೆ ಆ ಮಾಲಿನ ಹುಟ್ಟೇ ಅಳಿಸಿ ಹೋಗುತ್ತಿತ್ತು.

ಇದು ಯಾಕೆ ಅಷ್ಟು ಮುಖ್ಯ ಅಂತ ಲೆಕ್ಕದಲ್ಲೇ ಹೇಳುತ್ತೇನೆ. ಬೇಳೆ ಮಿಲ್ಲಿನ ಲಾಭವೆಲ್ಲ ಇಳುವರಿಯಲ್ಲಿದೆ. ನೂರು ಕಿಲೋ ತೊಗರಿ ಹಾಕಿದರೆ ನಮ್ಮಂಥ ಮಿಲ್ಲಿನಲ್ಲಿ 70ರಿಂದ 75 ಕಿಲೋ ಬೇಳೆ ಸಿಗುತ್ತದೆ. ಉಳಿದದ್ದು ಹೊಟ್ಟು, ಚುನ್ನಿ (ದನಕ್ಕೆ ಹಾಕುವ ಪುಡಿ), ನುಚ್ಚು. ದಿನಕ್ಕೆ 200 ಕ್ವಿಂಟಲ್ ಒಡೆಯುವ ಮಿಲ್ಲಿನಲ್ಲಿ ಇಳುವರಿ ನೂರಕ್ಕೆ ಒಂದು ಕಮ್ಮಿ ಆದರೆ 2 ಕ್ವಿಂಟಲ್ ಬೇಳೆ ಹೋಯಿತು. ಬೇಳೆ ಕ್ವಿಂಟಲ್‌ಗೆ 10,000 ರೂಪಾಯಿ ಅಂತ ಹಿಡಿದರೆ ದಿನಕ್ಕೆ 20,000. ಹೊಟ್ಟು, ಚುನ್ನಿಯಲ್ಲಿ ಸ್ವಲ್ಪ ವಾಪಸ್ ಬರಬಹುದು, ಅಷ್ಟೇ. ಇಷ್ಟು ದೊಡ್ಡ ವಿಷಯವನ್ನು ನಾವು ವರ್ಷಕ್ಕೊಂದು ಸಲ, ಅದೂ ಅಂದಾಜಿನಲ್ಲಿ ನೋಡುತ್ತಿದ್ದೆವು. ಯಾವ ಮಾಲು ಚೆನ್ನಾಗಿ ಒಡೆಯಿತು, ಯಾವುದು ನುಚ್ಚಾಯಿತು ಅಂತ ಹೇಳಲು ನಮ್ಮ ಹತ್ತಿರ ಏನೂ ಇರಲಿಲ್ಲ.

ಹೀಗಾಗಿ ಯೋಜನೆ ಒಂದೇ ಹಾಳೆಯಲ್ಲಿ ಮುಗಿಯಿತು. ಗಂಜ್‌ನ ಲಾಟ್ ನಂಬರ್ ನಮ್ಮ ಗೇಟಿನಿಂದ ಬೇಳೆ ಲಾರಿ ಹೊರಡುವ ತನಕ ಕಳೆದುಹೋಗಬಾರದು. ತೂಕವನ್ನು ಯಾರೂ ಕೈಯಿಂದ ಬರೆಯಬಾರದು. ಈ ಎರಡಕ್ಕೆ ಸಹಾಯ ಮಾಡದ ಯಾವುದಕ್ಕೂ ಮೊದಲ ವರ್ಷ ಒಂದು ರೂಪಾಯಿಯನ್ನೂ ಹಾಕುವುದಿಲ್ಲ. ವೆಬ್‌ಸೈಟ್ ಬೇಕು, ಆ್ಯಪ್ ಬೇಕು ಅಂತ ತಮ್ಮ ಹಟ ಹಿಡಿದ. ಬೇಡ ಅಂದೆ. ಜಗಳವೂ ಆಯಿತು. ಆದರೂ ಆ ಹಾಳೆಯನ್ನು ಕಾಟಾ ಕೋಣೆಯ ಗೋಡೆಗೆ ಅಂಟಿಸಿದೆ.

ದುಡ್ಡಿನ ಲೆಕ್ಕ ಎಲ್ಲರೂ ಕೇಳುತ್ತಾರೆ, ಹೇಳಿಬಿಡುತ್ತೇನೆ. ಒಟ್ಟು ಮೂರೂವರೆ ಲಕ್ಷ ಇಟ್ಟೆವು. ಸಾಫ್ಟ್‌ವೇರಿಗೆ 90,000. ಕಂಪ್ಯೂಟರ್, ಪ್ರಿಂಟರ್, ಯುಪಿಎಸ್, ವೈರಿಂಗ್, ಕಾಟಾ ಕೋಣೆಯ ಗಾಜು ಎಲ್ಲ ಸೇರಿ 1,40,000. ಆರು ತಿಂಗಳು ಪುಸ್ತಕ, ಕಂಪ್ಯೂಟರ್ ಎರಡರಲ್ಲೂ ಬರೆಯಲು ಒಬ್ಬ ಹುಡುಗಿಯನ್ನು ತಿಂಗಳಿಗೆ 12,000ಕ್ಕೆ ಇಟ್ಟುಕೊಂಡೆವು, ಅದು 72,000. ಉಳಿದ 48,000 ಕೈಯಲ್ಲಿರಲಿ ಅಂತ ಬಿಟ್ಟೆವು, ಅದೂ ಖರ್ಚಾಯಿತು. ನೋಡಿ, ಸಾಫ್ಟ್‌ವೇರಿಗೆ ಹೋಗಿದ್ದು ಕಾಲು ಭಾಗಕ್ಕೆ ಸ್ವಲ್ಪ ಜಾಸ್ತಿ ಅಷ್ಟೇ. ಮೊದಲ ಸಲ ಪೂರ್ತಿ ದುಡ್ಡನ್ನು ಅದಕ್ಕೇ ಸುರಿದಿದ್ದೆವು.

ಗಾಜಿನ ಮಾತು ಬಂತಲ್ಲ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೇಳೆ ಮಿಲ್ಲಿನ ಧೂಳು ಕಂಪ್ಯೂಟರನ್ನು ಒಂದೇ ಸೀಸನ್‌ನಲ್ಲಿ ತಿಂದುಹಾಕುತ್ತದೆ. ಮೇಲೆ ನಮ್ಮೂರಿನ ಮೇ ತಿಂಗಳ ಬಿಸಿಲು. ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿಸಿದೆವು, ವಾರಕ್ಕೊಮ್ಮೆ ಬ್ಲೋವರ್ ಹಿಡಿದು ಧೂಳು ತೆಗೆಯುತ್ತೇವೆ. ಇಂಟರ್‌ನೆಟ್ ಇಲ್ಲದಿದ್ದರೂ ಕಾಟಾ ನಡೆಯಬೇಕು ಅನ್ನುವುದು ನಮ್ಮ ಮೊದಲ ಷರತ್ತಾಗಿತ್ತು.

ಕೆಲಸ ಶುರು ಮಾಡಿದ್ದು ಜುಲೈನಲ್ಲಿ. ತೊಗರಿಗೆ ಎಣ್ಣೆ ಸವರಿ, ನೀರು ಕೊಟ್ಟು ಬಿಸಿಲಿಗೆ ಹರವಿ ಒಣಗಿಸಬೇಕು. ಮಳೆಗಾಲದಲ್ಲಿ ಅಂಗಳದಲ್ಲಿ ಅದು ಆಗುವುದಿಲ್ಲ, ಮಿಲ್ಲು ಮಂದವಾಗಿರುತ್ತದೆ. ಜನರಿಗೆ ಕೂತು ಕಲಿಯಲು ಹೊತ್ತು ಸಿಗುತ್ತದೆ. ನಿಮ್ಮ ವ್ಯಾಪಾರದಲ್ಲಿ ಇಂಥ ಮಂದ ತಿಂಗಳು ಯಾವುದು ಅಂತ ಮೊದಲು ನೋಡಿಕೊಳ್ಳಿ.

ಕಾಟಾದಲ್ಲಿ ಮಾಡಿದ್ದು ಸಣ್ಣ ಕೆಲಸ. ಈಗಿನ ಎಲೆಕ್ಟ್ರಾನಿಕ್ ಕಾಟಾದ ತೂಕ ತೋರಿಸುವ ಪೆಟ್ಟಿಗೆಯ ಹಿಂದೆ ಸಾಮಾನ್ಯವಾಗಿ ಒಂದು ಸೀರಿಯಲ್ ಪೋರ್ಟ್, ಅಂದರೆ ಕಂಪ್ಯೂಟರಿಗೆ ವೈರ್ ಜೋಡಿಸುವ ಕಿಂಡಿ, ಇರುತ್ತದೆ. ನಮ್ಮದರಲ್ಲೂ ಇತ್ತು, ವರ್ಷಗಟ್ಟಲೆ ಧೂಳು ತುಂಬಿಕೊಂಡು ಹಾಗೇ ಇತ್ತು. ಅಲ್ಲಿಂದ ಕಂಪ್ಯೂಟರಿಗೆ ಒಂದು ವೈರ್ ಎಳೆದ ಮೇಲೆ ಗಾಡಿ ನಿಂತ ತಕ್ಷಣ ತೂಕ ತಾನೇ ಬರುತ್ತದೆ. ಆಪರೇಟರ್ ಲಾಟ್ ನಂಬರ್, ಗಾಡಿ ನಂಬರ್ ಮಾತ್ರ ಹೊಡೆಯುತ್ತಾನೆ. ಏಳು ಕಡೆಯ ಬರವಣಿಗೆ ಒಂದಕ್ಕೆ ಇಳಿಯಿತು.

ಹಮಾಲರ ಮುಕ್ಕದ್ದಮ ಮೊದಲ ದಿನವೇ ಬಂದು ಕೇಳಿದರು. "ಅಕ್ಕೋರೆ, ಈ ಮಿಷನ್ ನಮ್ಮ ಚೀಲ ಕಮ್ಮಿ ಎಣಿಸಿದ್ರ ನಾವ್ ಯಾರಿಗಿ ಕೇಳ್ಬೇಕ್ರಿ?" ಸರಿಯಾದ ಪ್ರಶ್ನೆ. ಚೀಲದ ಲೆಕ್ಕದ ಮೇಲೆ ಅವರ ಹಮಾಲಿ ನಿಂತಿದೆ. ಹೊರಗೆ ಕಾಣುವ ಹಾಗೆ ಇನ್ನೊಂದು ಪರದೆ ಇಟ್ಟೆವು. ಪ್ರತಿ ಗಾಡಿಗೂ ಒಂದು ಚೀಟಿ ಅವರ ಕೈಗೂ ಕೊಟ್ಟೆವು, ಕನ್ನಡದಲ್ಲಿ. ಅವರ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ವ್ಯತ್ಯಾಸ ಬಂದರೆ ಅವರ ಲೆಕ್ಕದಂತೆ ದುಡ್ಡು ಕೊಟ್ಟು ಆಮೇಲೆ ಹುಡುಕುತ್ತೇವೆ ಅಂತ ಅಪ್ಪ ಮಾತು ಕೊಟ್ಟರು. ಆ ಮಾತು ಇರದಿದ್ದರೆ ಈ ಕೆಲಸ ಮುಂದೆ ಹೋಗುತ್ತಿರಲಿಲ್ಲ.

ಜಾಸ್ತಿ ಹೊತ್ತು ತಿಂದದ್ದು ಹೆಸರುಗಳು. ಕಲಬುರಗಿಯಲ್ಲಿ ವ್ಯಾಪಾರ ಮಾಡುವವರಿಗೆ ಇದು ಗೊತ್ತು. ಖಾತೆ ತೆಗೆದರೆ ಶರಣಪ್ಪ, ಶರಣಬಸಪ್ಪ, ಶರಣಬಸವ, ಮತ್ತೆ ಮಲ್ಲಿಕಾರ್ಜುನ, ಮಲ್ಲಣ್ಣ. ಒಬ್ಬರದೇ ಹೆಸರು ಆರು ರೀತಿ, ಆರು ಜನರದು ಒಂದೇ ರೀತಿ. ಕಾಕಾ ಅವರಿಗೆ "ಜೇವರ್ಗಿಯವರು", "ಎತ್ತರದವರು", "ಹಳೇ ಬಾಕಿಯವರು" ಅಂತ ಗುರುತು ಇತ್ತು. ಅದು ಅವರ ತಲೆಯಲ್ಲಿತ್ತು, ವಹಿಯಲ್ಲಿರಲಿಲ್ಲ. ಮೊದಲ ಸಲ ಇಬ್ಬರ ಖಾತೆ ಒಂದಾಗಿ, ಒಬ್ಬರ ಬಾಕಿಗೆ ಇನ್ನೊಬ್ಬರನ್ನು ಕೇಳಿದ್ದೆವು. ಹಳೆಯ ಗಿರಾಕಿ, ಮನಸ್ಸಿಗೆ ನೋವು ಮಾಡಿಕೊಂಡರು. ಈ ಸಲ ಕಾಕಾ ಅವರ ಪಕ್ಕದಲ್ಲಿ ಕೂತು ಒಂದೊಂದು ಹೆಸರಿಗೂ ಊರು, ಮೊಬೈಲ್ ನಂಬರ್ ಸೇರಿಸಿದೆ. ಖಾತೆ ತೆರೆಯುವುದು ಮೊಬೈಲ್ ನಂಬರಿನಿಂದ, ಹೆಸರಿನಿಂದ ಅಲ್ಲ. ಇದಕ್ಕೇ ಇಪ್ಪತ್ತೆರಡು ದಿನ ಹಿಡಿಯಿತು. ಇಷ್ಟು ಮುಖ್ಯವಾದ ಕೆಲಸ ಇನ್ನೊಂದಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ.

ಸರಕಿನ ಹೆಸರಿನಲ್ಲೂ ಹಾಗೇ. "ತೊಗರಿ ಬೇಳೆ" ಅಂತ ಒಂದೇ ಹೆಸರು ಹಾಕಿದರೆ ತೆರಿಗೆ ತಪ್ಪುತ್ತದೆ. 2022ರ ಜುಲೈ 18ರಿಂದ 25 ಕಿಲೋ ಮತ್ತು ಅದಕ್ಕಿಂತ ಚಿಕ್ಕ, ಲೇಬಲ್ ಇರುವ ಪ್ಯಾಕಿಗೆ ಶೇ. 5 ಜಿಎಸ್‌ಟಿ ಇದೆ. ನಮ್ಮ 30 ಕಿಲೋ, 50 ಕಿಲೋ ಚೀಲಕ್ಕೆ ಇಲ್ಲ. ಹಾಗಾಗಿ ಬೇಳೆಯ ಜಾತಿಯ ಜೊತೆಗೆ ಚೀಲದ ಅಳತೆಯೂ ಹೆಸರಿನಲ್ಲೇ ಇರಬೇಕು.

ಲಾಟ್ ನಂಬರ್ ಕಾಪಾಡುವುದು ಮಾತ್ರ ಅಂದುಕೊಂಡಷ್ಟು ಸಲೀಸಾಗಲಿಲ್ಲ. ಗಂಜ್‌ನಲ್ಲಿ ಒಂದೇ ದಿನ ಇಪ್ಪತ್ತು, ಮೂವತ್ತು ಸಣ್ಣ ಲಾಟ್ ಕೊಳ್ಳುತ್ತೇವೆ. ಒಂದೊಂದನ್ನೂ ಬೇರೆ ಒಡೆಯಲು ಆಗುವುದಿಲ್ಲ. ಕೊನೆಗೆ ತಮ್ಮನೇ ದಾರಿ ಹುಡುಕಿದ. ಗೇಟಿನಲ್ಲೇ ತೇವ ನೋಡಿ, ಕಾಳಿನ ಗಾತ್ರ ನೋಡಿ ನಾಲ್ಕು ರಾಶಿ ಮಾಡುವುದು. ಪ್ರತಿ ರಾಶಿಗೆ ಒಂದು ನಂಬರ್, ಆ ನಂಬರಿನ ಕೆಳಗೆ ಅದರಲ್ಲಿ ಸೇರಿದ ಲಾಟ್‌ಗಳು. ರಾಶಿ ರಾಶಿಯಾಗಿ ಒಡೆಯುವುದು, ಬೇಳೆ, ಹೊಟ್ಟು, ಚುನ್ನಿ, ನುಚ್ಚು ಎಲ್ಲವನ್ನೂ ಆ ನಂಬರಿಗೇ ತೂಗುವುದು.

ಆಗ ಹೊರಬಿದ್ದ ಒಂದು ಸಂಗತಿಯನ್ನು ನಾನು ಹೇಳಲೇಬೇಕು. ಹಲವು ವರ್ಷಗಳಿಂದ ನಮ್ಮ ಗೋದಾಮಿನ ತೂಕ ಕಮ್ಮಿ ಬರುತ್ತಿತ್ತು. ಯಾರೋ ಚೀಲ ಬಿಚ್ಚುತ್ತಿದ್ದಾರೆ ಅನ್ನುವ ಅನುಮಾನ ಮನೆಯಲ್ಲಿತ್ತು. ರಾತ್ರಿ ಪಾಳಿಯ ಕಾವಲುಗಾರನನ್ನು ಅದಕ್ಕಾಗಿಯೇ ಬದಲಾಯಿಸಿದ್ದೆವು. ಈಗ ತೇವದ ಅಂಕಿ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕ ಕೂಡಿತು. ಬೆಂಬಲ ಬೆಲೆ ಖರೀದಿಯಲ್ಲಿ ತೊಗರಿಗೆ ತೇವ ಶೇ. 12ರ ಒಳಗಿರಬೇಕು ಅನ್ನುತ್ತಾರೆ. ನಾವು ಸೀಸನ್ ಶುರುವಿನಲ್ಲಿ ಶೇ. 14 ಇರುವ ಮಾಲನ್ನೂ ತಂದು ತುಂಬುತ್ತಿದ್ದೆವು. ಅಂಥ 100 ಕಿಲೋ ಒಣಗಿ 12ಕ್ಕೆ ಬಂದರೆ ಉಳಿಯುವುದು 97.7 ಕಿಲೋ. ಕ್ವಿಂಟಲ್‌ಗೆ ಎರಡು ಕಿಲೋಗಿಂತ ಜಾಸ್ತಿ ಗಾಳಿಗೆ ಹೋಗುತ್ತದೆ. 8,000 ರೂಪಾಯಿ ದರದಲ್ಲಿ ಅದು ಸುಮಾರು 180 ರೂಪಾಯಿ. ನಮ್ಮ ಕೊರತೆಯ ಬಹುಪಾಲು ಅದೇ ಆಗಿತ್ತು. ಅಪ್ಪ ಆ ಹಾಳೆಯನ್ನು ಬಹಳ ಹೊತ್ತು ಹಿಡಿದು ಕೂತಿದ್ದರು. ಮರುದಿನ ಆ ಕಾವಲುಗಾರನ ಮನೆಗೆ ತಾವೇ ಹೋಗಿ ಬಂದರು. ಅವನು ವಾಪಸ್ ಬರಲಿಲ್ಲ, ಅವನ ಮಗ ಈಗ ನಮ್ಮಲ್ಲಿ ಕಾಟಾ ಆಪರೇಟರ್.

ಈಗ ಟೆಂಡರ್‌ಗೆ ಹೋಗುವಾಗಲೇ ತೇವ ನೋಡಿ ದರ ಹಾಕುತ್ತೇವೆ. ಒಣಗಿದ ಮಾಲಿಗೆ ನಾವು ಜಾಸ್ತಿ ದರ ಕೊಡುತ್ತೇವೆ ಅಂತ ರೈತರಿಗೂ ಗೊತ್ತಾಗುತ್ತಿದೆ. ಒಣಗಿಸಿ ತರಲು ಅವರಿಗೆ ಅದು ಒಂದು ಕಾರಣ.

ದೀಪಾವಳಿ ಕಳೆದು ವರ್ಷದ ಕೊನೆ ತನಕ ಎರಡೂ ಲೆಕ್ಕ ಜೊತೆಯಾಗಿ ನಡೆದವು. ಪ್ರತಿ ಶನಿವಾರ ಸಂಜೆ ಕಾಕಾ ವಹಿ ಓದುತ್ತಿದ್ದರು, ನಾನು ಪರದೆ ನೋಡುತ್ತಿದ್ದೆ. ಮೊದಲ ವಾರ ಮೂವತ್ತೊಂದು ವ್ಯತ್ಯಾಸ. ಸೆಪ್ಟೆಂಬರ್ ಕೊನೆಗೆ ಎರಡೋ ಮೂರೋ. ಅದರಲ್ಲೂ ವಹಿಯೇ ಸರಿ ಇದ್ದದ್ದು ಎಷ್ಟೋ ಸಲ. ಲಕ್ಷ್ಮೀ ಪೂಜೆಯ ದಿನ ಕಾಕಾ ಹೊಸ ವಹಿಗೆ ಕುಂಕುಮ ಹಚ್ಚಿ, ಕೀಬೋರ್ಡಿನ ಮೂಲೆಗೂ ಒಂದು ಬೊಟ್ಟು ಇಟ್ಟರು. ವಹಿ ಈಗಲೂ ಬರೆಯುತ್ತಾರೆ, ದಿನಕ್ಕೊಂದು ಪುಟ, ಆ ದಿನದ ಮೊತ್ತಗಳು ಮಾತ್ರ. ನಾನು ಅದನ್ನು ನಿಲ್ಲಿಸಿಲ್ಲ. ಒಂದು ದಿನ ಕಂಪ್ಯೂಟರ್ ಕೆಟ್ಟರೆ ನಮಗೆ ಅದೇ ಆಧಾರ.

ಇನ್ನೂ ಆಗದ ಕೆಲಸವಿದೆ. ಗುಲ್ಬರ್ಗ ತೊಗರಿ ಬೇಳೆಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ಆ ಗುರುತು ಹಾಕಿ ಮಾರಬೇಕಾದರೆ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಬೇಕು, ಮಾಲು ಇಲ್ಲಿಯದೇ ಅಂತ ತೋರಿಸುವ ಹಾಗಿರಬೇಕು. ಮೊದಲಾಗಿದ್ದರೆ ನಮ್ಮಿಂದ ಸಾಧ್ಯವೇ ಇರಲಿಲ್ಲ. ಈಗ ಯಾವ ಚೀಲ ಕೇಳಿದರೂ ಅದರಲ್ಲಿ ಯಾವ ಯಾವ ಲಾಟ್ ಸೇರಿದೆ ಅಂತ ತೆಗೆದು ತೋರಿಸಬಹುದು. ಒಂದು ಕಿಲೋ ಪ್ಯಾಕ್ ಮಾಡುವ ತಮ್ಮನ ಆಸೆಗೆ ನಾನೂ ಈಗ ಒಪ್ಪಿದ್ದೇನೆ. ಅದರ ಲೇಬಲ್, ತೆರಿಗೆ, ಬಿಲ್ ಎಲ್ಲವೂ ಬೇರೆ. ಆ ಚೀಟಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗಬೇಕು ಅಂತ ಬರೆಯಲು ಒಂದು ಹೊಸ ಹಾಳೆ ತೆಗೆದಿಟ್ಟಿದ್ದೇನೆ. ಮಳೆ ಹಿಡಿದು ಅಂಗಳ ಖಾಲಿಯಾದ ಮೇಲೆ ಕೂರುತ್ತೇವೆ.